ದಾನದ ಆಸ್ಪತ್ರೆಗೂ ದುಡಿಯುವ ಬಂಡವಾಳ ಬೇಕು

ಸ್ಥಿರ ಬಂಡವಾಳ ಮತ್ತು ದುಡಿಯುವ ಬಂಡವಾಳ ಎಂಬ ವಿಭಜನೆಯನ್ನು ವಾಣಿಜ್ಯ ಶಾಸ್ತ್ರದ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ ಕಲಿಯುತ್ತಾರೆ. ನಮ್ಮ ಸದಸ್ಯರಲ್ಲಿ ಅನೇಕರು ಅದನ್ನು ಪುಸ್ತಕದಿಂದಲ್ಲದೆ ಅನುಭವದಿಂದಲೇ ಬಲ್ಲರು. ಯಂತ್ರ ಕೊಂಡವನು ಕಾರ್ಖಾನೆ ನಡೆಸಬಲ್ಲನೆಂದು ಯಾರೂ ಹೇಳಲಾರರು. ಆದರೆ ಇದೇ ವ್ಯಾಪಾರಿ ಆಸ್ಪತ್ರೆಗೆ ದಾನ ಮಾಡಲು ಹೊರಟಾಗ ಈ ಪಾಠವನ್ನು ಮರೆಯುತ್ತಾನೆ. ಅವನ ಲೆಕ್ಕಪರಿಶೋಧಕನೂ ಮರೆಯುತ್ತಾನೆ ಎಂಬುದಕ್ಕೆ ನಾನೇ ಸಾಕ್ಷಿ.

ಕೆಲವು ವರ್ಷಗಳ ಹಿಂದೆ ಹೆಬ್ಬಾಳು ಕೈಗಾರಿಕಾ ಪ್ರದೇಶದ ಸಣ್ಣ ಉದ್ಯಮಿಯೊಬ್ಬರು ವಿಜಯನಗರದ ನನ್ನ ಕಚೇರಿಗೆ ಬಂದು, ತೀರಿಕೊಂಡ ತಾಯಿಯ ಹೆಸರಿನಲ್ಲಿ ಏನಾದರೂ ಮಾಡಬೇಕೆಂದರು. ಹಳ್ಳಿಗಾಡಿನ ಆಸ್ಪತ್ರೆಯೊಂದಕ್ಕೆ ನವಜಾತ ಶಿಶುಗಳನ್ನು ಬೆಚ್ಚಗಿಡುವ ವಾರ್ಮರ್ ಯಂತ್ರವನ್ನು ಕೊಂಡು ಕೊಡುವುದೆಂದು ನಿಶ್ಚಯವಾಯಿತು. ನಾನೂ ಸಮ್ಮತಿಸಿದೆ. ವರ್ಷ ಕಳೆದ ಮೇಲೆ ಇಬ್ಬರೂ ಅಲ್ಲಿಗೆ ಹೋದಾಗ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಮಗುವಿನ ಮೈಶಾಖ ಅಳೆಯುವ ತಂತಿ ಕೆಟ್ಟಿತ್ತು; ಅದನ್ನು ಬದಲಿಸಲು ಯಾವ ಬಾಬಿನಲ್ಲಿಯೂ ಹಣವಿರಲಿಲ್ಲ. ಆ ಕೊಠಡಿಗೆ ರಾತ್ರಿ ಪಾಳಿಯ ದಾದಿಯೂ ಇರಲಿಲ್ಲ. ತಾಯಿಯ ಹೆಸರಿನ ಫಲಕ ಮಾತ್ರ ಹೊಳೆಯುತ್ತಿತ್ತು. ಹಿಂದಿರುಗುವಾಗ ಅವರು, "ಸಾರ್, ನಾನು ಸಿ.ಎನ್.ಸಿ. ಯಂತ್ರ ತಗೊಳ್ಳುವಾಗ ಎ.ಎಂ.ಸಿ. ಎಷ್ಟು, ಆಪರೇಟರ್ ಯಾರು ಅಂತ ಕೇಳಿದ್ರಿ. ಇದಕ್ಕೆ ಯಾಕೆ ಕೇಳ್ಲಿಲ್ಲ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನವು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ಓದುಗರು ಭಾವಿಸಬಹುದು.

ನಮ್ಮ ಸೀಮೆಯ ಪರಂಪರೆ

ಮೈಸೂರಿಗೆ ದಾನದ ಆಸ್ಪತ್ರೆ ಹೊಸದೇನಲ್ಲ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯೆಂದೇ ಜನ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಲ್ಲಿ ಸ್ತ್ರೀಯರು ಮತ್ತು ಮಕ್ಕಳಿಗಾಗಿ ಆರಂಭವಾಯಿತು. ಕೆ.ಆರ್.ಎಸ್. ರಸ್ತೆಯ ಕ್ಷಯರೋಗ ಆಸ್ಪತ್ರೆಯು ಅದೇ ರೋಗಕ್ಕೆ ತುತ್ತಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಸ್ಮಾರಕ. ತಾಯಂದಿರು ಮತ್ತು ಮಕ್ಕಳ ಚೆಲುವಾಂಬ ಆಸ್ಪತ್ರೆಯು ಅರಮನೆಯ ಹೆಸರನ್ನು ಹೊತ್ತಿದ್ದರೂ ನಡೆಯುತ್ತಿರುವುದು ಸರ್ಕಾರದ ಹಣದಿಂದ. ಸ್ಥಾಪಿಸಿದವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ನಡೆಸುವ ವೆಚ್ಚವನ್ನು ಮಾತ್ರ ಪ್ರತಿ ತಿಂಗಳೂ ಯಾರಾದರೂ ಭರಿಸಲೇಬೇಕು.

ಇದಕ್ಕೆ ಸಮೀಪದ ನಿದರ್ಶನ ಸರಗೂರು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರು ಗೆಳೆಯರೊಡನೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯನ್ನು ಕಟ್ಟಿದರು. 1987ರಲ್ಲಿ ಹೆಗ್ಗಡದೇವನಕೋಟೆ ಸೀಮೆಯ ಬ್ರಹ್ಮಗಿರಿ ಹಾಡಿಯಲ್ಲಿ ವೈದ್ಯಸೇವೆ ಆರಂಭವಾಯಿತು. ಅಲ್ಲಿನ ಜೇನುಕುರುಬ, ಕಾಡುಕುರುಬ ಮುಂತಾದ ಜನರು ಕಬಿನಿ ಜಲಾಶಯದಿಂದಲೂ ಬಂಡೀಪುರದ ಹುಲಿ ಯೋಜನೆಯಿಂದಲೂ ನೆಲೆ ತಪ್ಪಿದವರು. ಮುಂದೆ ಕೆಂಚನಹಳ್ಳಿಯಲ್ಲಿಯೂ ಬಳಿಕ ಸರಗೂರಿನಲ್ಲಿಯೂ ಆಸ್ಪತ್ರೆಗಳಾದವು. ದಾನಿಗಳ ಹಣ, ಸರ್ಕಾರದ ಯೋಜನೆಗಳ ನೆರವು, ಶಕ್ತರು ಕೊಡುವ ಶುಲ್ಕ ಇವೆಲ್ಲ ಸೇರಿ ಅಲ್ಲಿನ ಸೇವೆ ನಡೆದಿದೆ. ಮೂರೂ ಮೂಲಗಳ ವೇಗ ಒಂದೇ ಅಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಂತಹ ಯೋಜನೆಗಳಲ್ಲಿ ಆಸ್ಪತ್ರೆ ಮೊದಲು ಚಿಕಿತ್ಸೆ ನೀಡಬೇಕು, ಹಣ ಅನಂತರ ಬರುತ್ತದೆ. ಉದ್ದರಿ ಮಾರಾಟ ಮಾಡಿದ ವ್ಯಾಪಾರಿಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ.

ಆಫ್ರಿಕಾದ ಎರಡು ಪಾಠಗಳು

ಕೇವಲ ಮಕ್ಕಳಿಗಾಗಿಯೇ ಇರುವ, ದಾನದಿಂದ ಬೆಳೆದ ಸಾರ್ವಜನಿಕ ಆಸ್ಪತ್ರೆಗಳು ಹೇಗೆ ನಡೆಯುತ್ತವೆ ಎಂಬುದನ್ನು ತಿಳಿಯಲು ದಕ್ಷಿಣ ಆಫ್ರಿಕಾದತ್ತ ನೋಡಬಹುದು. ಜೋಹಾನ್ಸ್‌ಬರ್ಗ್ ನಗರದ ನೆಲ್ಸನ್ ಮಂಡೇಲಾ ಮಕ್ಕಳ ಆಸ್ಪತ್ರೆಯ ಕಟ್ಟಡ ಮತ್ತು ಉಪಕರಣಗಳಿಗಾಗಿ ದೇಶವಿದೇಶಗಳಿಂದ ಸುಮಾರು 100 ಕೋಟಿ ರ್ಯಾಂಡ್ ದಾನ ಸಂಗ್ರಹವಾಯಿತು. 200 ಹಾಸಿಗೆಗಳಿಗೆ ರೂಪಿಸಿದ ಆ ಆಸ್ಪತ್ರೆ 2016ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಆದರೆ ರೋಗಿಗಳ ಸೇವೆ ಆರಂಭವಾದದ್ದು 2017ರಲ್ಲಿ, ಅದೂ ಹಂತಹಂತವಾಗಿ. ನಡೆಸುವ ವೆಚ್ಚಕ್ಕೆ ಸರ್ಕಾರದ ಅನುದಾನವೇ ಮುಖ್ಯ ಆಧಾರವಾಯಿತು.

ಕೇಪ್‌ಟೌನ್ ನಗರದ ರೆಡ್ ಕ್ರಾಸ್ ಯುದ್ಧ ಸ್ಮಾರಕ ಮಕ್ಕಳ ಆಸ್ಪತ್ರೆ 1956ರಲ್ಲಿ ತೆರೆಯಿತು. ಅಲ್ಲಿ ವೈದ್ಯರು, ದಾದಿಯರ ಸಂಬಳ ಸರ್ಕಾರದ್ದು. 1994ರಲ್ಲಿ ಸ್ಥಾಪಿತವಾದ ಪ್ರತ್ಯೇಕ ಟ್ರಸ್ಟ್ ಕಟ್ಟಡ, ಉಪಕರಣ, ತರಬೇತಿಗಳಿಗೆ ದಾನ ಸಂಗ್ರಹಿಸುತ್ತದೆ. ಟ್ರಸ್ಟಿನ ಆಡಳಿತ ವೆಚ್ಚವನ್ನು ಇಡುಗಂಟಿನ ಆದಾಯದಿಂದ ನಿಭಾಯಿಸುವುದರಿಂದ ದಾನಿಯ ಹಣವೆಲ್ಲ ಆಸ್ಪತ್ರೆಯ ಕೆಲಸಕ್ಕೇ ಸಲ್ಲುತ್ತದೆ. ಯಾವ ವೆಚ್ಚಕ್ಕೆ ಯಾರು ಹೊಣೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳುವುದೇ ಈ ಎರಡೂ ಉದಾಹರಣೆಗಳ ಸಾರ.

ಒಂದು ಲೆಕ್ಕ

ಈಗ ಕಾಗದ ಪೆನ್ಸಿಲ್ ತೆಗೆದುಕೊಳ್ಳೋಣ. ಕೆಳಗಿನ ಮೊತ್ತಗಳು ಲೆಕ್ಕದ ಸೌಕರ್ಯಕ್ಕಾಗಿ ಊಹಿಸಿಕೊಂಡವು. ವಿಧಾನ ಮಾತ್ರ ನಿಜವಾದುದು.

ನವಜಾತ ಶಿಶುಗಳ ಒಂದು ಸಣ್ಣ ಘಟಕಕ್ಕೆ ಕಟ್ಟಡ, ಯಂತ್ರ ಸೇರಿ 1 ಕೋಟಿ ರೂಪಾಯಿ ಆಯಿತೆನ್ನಿ. ಅಲ್ಲಿ ಯಾವ ಹೊತ್ತಿನಲ್ಲಿಯೂ 3 ದಾದಿಯರಿರಬೇಕು. ದಿನಕ್ಕೆ 3 ಪಾಳಿ, ವಾರಕ್ಕೆ 21 ಪಾಳಿ; ಮೂವರಂತೆ 63 ಪಾಳಿಗಳು. ಒಬ್ಬ ದಾದಿ ವಾರಕ್ಕೆ 6 ಪಾಳಿ ದುಡಿದರೆ ಹತ್ತೂವರೆ ಮಂದಿ ಬೇಕು. ರಜೆ, ಅನಾರೋಗ್ಯಗಳನ್ನು ಸೇರಿಸಿದರೆ 12 ಮಂದಿ. ತಿಂಗಳಿಗೆ 25,000 ರೂಪಾಯಿಯಂತೆ ವರ್ಷಕ್ಕೆ 36 ಲಕ್ಷ. ಔಷಧಿ, ಆಮ್ಲಜನಕ, ವಿದ್ಯುತ್, ವೈದ್ಯರ ಸಂಬಳ ಇನ್ನೂ ಸೇರಿಲ್ಲ. ಮೂರನೆಯ ವರ್ಷದ ಕೊನೆಗೆ ದಾದಿಯರ ಸಂಬಳವೊಂದೇ 1 ಕೋಟಿ 8 ಲಕ್ಷವಾಗಿ, ಕಟ್ಟಡದ ಬೆಲೆಯನ್ನು ಮೀರುತ್ತದೆ. ಫಲಕ ಹಾಕಿಸುವ ದಾನಿ ಮೊದಲ ಒಂದು ಕೋಟಿಗೆ ಸಿಗುತ್ತಾನೆ. ಎರಡನೆಯ ಕೋಟಿಗೆ ಯಾರು?

ಶೇ. 7ರ ಬಡ್ಡಿಯಲ್ಲಿ ವರ್ಷಕ್ಕೆ 36 ಲಕ್ಷ ಬರಬೇಕಾದರೆ 5 ಕೋಟಿ 14 ಲಕ್ಷದಷ್ಟು ಇಡುಗಂಟು ಬೇಕು. ಅದು ನಮ್ಮಂತಹವರ ಅಳವಿಗೆ ಮೀರಿದ್ದು. ಆದರೆ 300 ಜನ ವರ್ತಕರು ತಿಂಗಳಿಗೆ 1,000 ರೂಪಾಯಿ ಕೊಟ್ಟರೂ ವರ್ಷಕ್ಕೆ ಅದೇ 36 ಲಕ್ಷವಾಗುತ್ತದೆ.

ತೆರಿಗೆಯ ದೃಷ್ಟಿಯಿಂದ ಗಮನಿಸಬೇಕಾದುವು

1. ವಸ್ತುರೂಪದ ದಾನಕ್ಕೆ 1961ರ ಆದಾಯ ತೆರಿಗೆ ಕಾಯಿದೆಯ 80ಜಿ ಸೆಕ್ಷನ್ನಿನ ಕಡಿತವಿಲ್ಲ, ಹಣವನ್ನೇ ಕೊಡಬೇಕು. ಮೇಲೆ ಹೇಳಿದ ಉದ್ಯಮಿಗೆ ಯಂತ್ರವೂ ದಕ್ಕಲಿಲ್ಲ, ಕಡಿತವೂ ದಕ್ಕಲಿಲ್ಲ. 2,000 ರೂಪಾಯಿ ಮೀರಿದ ನಗದು ದಾನವೂ ಲೆಕ್ಕಕ್ಕೆ ಬಾರದು. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಕೊಡುವುದು ಕ್ಷೇಮ.

2. ಸಾಮಾನ್ಯ ಟ್ರಸ್ಟ್‌ಗಳಿಗೆ ಕೊಟ್ಟ ದಾನದ ಶೇ. 50ರಷ್ಟಕ್ಕೆ, ನಿಗದಿತ ಮಿತಿಯೊಳಗೆ, ಕಡಿತವಿದೆ. ಶೇ. 30ರ ತೆರಿಗೆ ಕಟ್ಟುವ ಪಾಲುದಾರಿಕೆ ಸಂಸ್ಥೆ ವರ್ಷಕ್ಕೆ 12,000 ಕೊಟ್ಟರೆ ಉಳಿಯುವ ತೆರಿಗೆ, ಸೆಸ್ ಬಿಟ್ಟು, 1,800 ರೂಪಾಯಿ. ತೆರಿಗೆ ಉಳಿಸಲೆಂದೇ ದಾನ ಮಾಡುವವರು ಈ ಅಂಕಿಯನ್ನು ನೋಡಿಕೊಳ್ಳುವುದು ಒಳ್ಳೆಯದು.

3. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗೆ ಈ ಕಡಿತ ಸಿಗದು. ಪಾಲುದಾರಿಕೆ ಸಂಸ್ಥೆಗಳಿಗೆ ಆ ನಿರ್ಬಂಧವಿಲ್ಲ. ಆದುದರಿಂದ ದಾನವನ್ನು ಯಾರ ಖಾತೆಯಿಂದ ಕೊಡಬೇಕೆಂದು ಮೊದಲೇ ವಿಚಾರಿಸಬೇಕು.

4. ತಾವೇ ತಯಾರಿಸಿದ ಸರಕನ್ನು ಉಚಿತವಾಗಿ ಕೊಟ್ಟರೆ ಜಿ.ಎಸ್.ಟಿ.ಯಲ್ಲಿ ಅದಕ್ಕೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ.

5. 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ಅಂಗೀಕೃತವಾದ 2025ರ ಆದಾಯ ತೆರಿಗೆ ಕಾಯಿದೆಯಲ್ಲಿ ಸೆಕ್ಷನ್‌ಗಳ ಸಂಖ್ಯೆಗಳು ಬೇರೆಯಾಗಿವೆ. ರಸೀದಿ ಪಡೆಯುವಾಗ ಗಮನವಿರಲಿ.

ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಸಂಸ್ಥೆಯ ನೋಂದಣಿ ಚಾಲ್ತಿಯಲ್ಲಿದೆಯೇ? ಪರಿಶೋಧಿತ ಲೆಕ್ಕಪತ್ರಗಳನ್ನು ತೋರಿಸುವರೇ? ಉಪಕರಣವಾದರೆ ಅದನ್ನು ನಡೆಸುವವರು ಯಾರು, ವಾರ್ಷಿಕ ನಿರ್ವಹಣೆಯ ಕರಾರಿಗೆ ಹಣವೆಲ್ಲಿದೆ, ಬಿಡಿಭಾಗ ಮೈಸೂರಿನಲ್ಲಿ ಸಿಗುವುದೇ? ಸರ್ಕಾರಿ ಆಸ್ಪತ್ರೆಯಾದರೆ ಆರೋಗ್ಯ ರಕ್ಷಾ ಸಮಿತಿಯ ಮೂಲಕ ಕೊಡಲು ಸಾಧ್ಯವೇ? ಇಷ್ಟನ್ನು ಕೇಳಿದರೆ ಒಳ್ಳೆಯ ಸಂಸ್ಥೆ ಬೇಸರಪಡುವುದಿಲ್ಲ. ಸಾಲ ಕೇಳಲು ಹೋದಾಗ ಬ್ಯಾಂಕಿನವರು ನಮ್ಮನ್ನು ಇದಕ್ಕಿಂತ ಹೆಚ್ಚು ಕೇಳುತ್ತಾರೆ.

ಸಾಧ್ಯವಿದ್ದಲ್ಲಿ ದಾನದ ಪತ್ರದಲ್ಲಿ "ಆಸ್ಪತ್ರೆಯ ದೈನಂದಿನ ವೆಚ್ಚಗಳಿಗೆ" ಎಂದು ಬರೆಯಿರಿ. ದಾನಿಗಳು ಸಾಮಾನ್ಯವಾಗಿ ಬರೆಯದ ಸಾಲು ಇದು. ಸಂಬಳ, ಡೀಸೆಲ್, ಹತ್ತಿ, ತಂತಿ ಇವುಗಳಿಗೆ ಫಲಕವಿಲ್ಲ. ಆದರೆ ಅವಿಲ್ಲದೆ ಯಾವ ಯಂತ್ರವೂ ಮಗುವನ್ನು ಬೆಚ್ಚಗಿಡಲಾರದು.

ಆ ಉದ್ಯಮಿ ಮಿತ್ರರು ಮರುವರ್ಷದಿಂದ ಅದೇ ಆಸ್ಪತ್ರೆಗೆ ಯಂತ್ರದ ನಿರ್ವಹಣೆಗೂ ಒಬ್ಬ ದಾದಿಯ ಸಂಬಳಕ್ಕೂ ತಿಂಗಳು ತಿಂಗಳು ಹಣ ಕಳುಹಿಸುತ್ತಿದ್ದಾರೆ. ಈ ಬಾರಿ ರಸೀದಿಯನ್ನೂ ಪಡೆಯುತ್ತಾರೆ. ಕಳೆದ ಸಲ ನಾವು ಹೋದಾಗ ಯಂತ್ರದ ಮೇಲೆ ಬಟ್ಟೆಯಿರಲಿಲ್ಲ. ಎರಡು ದಿನದ ಹೆಣ್ಣುಮಗುವೊಂದು ಅದರಲ್ಲಿ ನಿದ್ರಿಸುತ್ತಿತ್ತು. ಮುಂದಿನ ಆರ್ಥಿಕ ವರ್ಷದ ಲೆಕ್ಕ ಹಾಕುವಾಗ ಸದಸ್ಯ ಬಾಂಧವರು ತಮ್ಮ ಖರ್ಚಿನ ಪಟ್ಟಿಯಲ್ಲಿ ಇಂತಹದೊಂದು ಮಾಸಿಕ ಬಾಬನ್ನು ಸೇರಿಸಿಕೊಳ್ಳುವರೆಂದು ಆಶಿಸುತ್ತೇನೆ.