ಕಣ್ಣು ನಿಲ್ಲುವುದಿಲ್ಲ, ಚಿತ್ರ ನಿಲ್ಲಬೇಕು

ಅಜ್ಜಿಯನ್ನೋ ಅಪ್ಪನನ್ನೋ ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋದವರಿಗೆಲ್ಲ ಈ ದೃಶ್ಯ ಗೊತ್ತು. ಗದ್ದವನ್ನು ಒಂದು ಆಸರೆಯ ಮೇಲೆ ಇಡಿಸಿ, ಹಣೆಯನ್ನು ಪಟ್ಟಿಗೆ ಒತ್ತಿಸಿ, "ಇಲ್ಲೇ ನೋಡ್ತಾ ಇರಿ, ಕಣ್ಣು ಆಡಿಸಬೇಡಿ" ಅಂತಾರೆ. ಅಜ್ಜಿ ಉಸಿರು ಬಿಗಿಹಿಡಿದು ಕೂರುತ್ತಾರೆ. ಆದರೂ "ಆಡಿಸಬೇಡಿ ಅಂದ್ನಲ್ಲಮ್ಮಾ" ಅನ್ನೋ ಮಾತು ಬಂದೇ ಬರುತ್ತದೆ. ಹೊರಗೆ ಬಂದ ಮೇಲೆ ಅಜ್ಜಿಗೆ ತಾನೇ ಏನೋ ತಪ್ಪು ಮಾಡಿದೆ ಅನ್ನುವ ಅಳುಕು.

ಅಜ್ಜಿಯ ತಪ್ಪೇನೂ ಇಲ್ಲ. ಎಚ್ಚರವಾಗಿರುವ ಯಾರ ಕಣ್ಣೂ ಪೂರ್ತಿ ನಿಲ್ಲುವುದಿಲ್ಲ. ಹಾಗಾದರೆ ಅಲುಗುವ ಕಣ್ಣಿನೊಳಗೆ ಅಲುಗದ ಚಿತ್ರವನ್ನು ನೋಡುವುದು ಹೇಗೆ? ಇದು ವೈದ್ಯರಿಗಿಂತ ಹೆಚ್ಚಾಗಿ ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ. ಆಪ್ಟಿಕ್ಸ್, ಕಂಟ್ರೋಲ್ ಸಿಸ್ಟಮ್ಸ್, ಸಿಗ್ನಲ್ಸ್, ಮೂರೂ ಇಲ್ಲಿ ಒಟ್ಟಿಗೆ ಬರುತ್ತವೆ. ಒಂದೊಂದಾಗಿ ನೋಡೋಣ.

ಕಣ್ಣು ಎಷ್ಟು ಅಲುಗುತ್ತದೆ?

ಮೊದಲು ಒಂದು ಸಣ್ಣ ಪ್ರಯೋಗ. ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು ನೋಡಿ. ನಿಮ್ಮ ಕಣ್ಣು ಚಲಿಸಿದ್ದು ನಿಮಗೆ ಕಾಣಿಸುವುದೇ ಇಲ್ಲ. ಪಕ್ಕದಲ್ಲಿ ನಿಂತ ಗೆಳೆಯನಿಗೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಅಂದರೆ ನಮ್ಮ ಕಣ್ಣಿನ ಚಲನೆ ನಮಗೇ ಗೊತ್ತಾಗುವುದಿಲ್ಲ. ಗೊತ್ತಾಗದ್ದನ್ನು ನಿಲ್ಲಿಸಿ ಅಂದರೆ ಹೇಗೆ ನಿಲ್ಲಿಸುವುದು?

ಒಂದೇ ಚುಕ್ಕಿಯನ್ನು ದಿಟ್ಟಿಸುತ್ತಿರುವಾಗಲೂ ಕಣ್ಣಿನಲ್ಲಿ ಮೂರು ಬಗೆಯ ಚಲನೆ ಇರುತ್ತದೆ. ಒಂದು, ಅತಿ ಸಣ್ಣ ನಡುಕ, ಅಂದರೆ ಟ್ರೆಮರ್. ಎರಡು, ನಿಧಾನವಾಗಿ ಜಾರುವ ಡ್ರಿಫ್ಟ್. ಮೂರು, ಸೆಕೆಂಡಿಗೆ ಒಂದೆರಡು ಬಾರಿ ಆಗುವ ಪುಟ್ಟ ನೆಗೆತ, ಅಂದರೆ ಮೈಕ್ರೋಸಕೇಡ್. ಇದು ಸಾಮಾನ್ಯವಾಗಿ 1 ಡಿಗ್ರಿಗಿಂತ ಕಡಿಮೆ.

1 ಡಿಗ್ರಿ ಅಂದರೆ ಎಷ್ಟು ಮಹಾ, ಅನ್ನಿಸಬಹುದು. ಆದರೆ ಕಣ್ಣು 1 ಡಿಗ್ರಿ ತಿರುಗಿದರೆ ರೆಟಿನಾದ ಮೇಲೆ ಚಿತ್ರ ಸುಮಾರು 0.3 ಮಿ.ಮೀ., ಅಂದರೆ 300 ಮೈಕ್ರೋಮೀಟರ್ ಸರಿಯುತ್ತದೆ. ನಾವು ಅತಿ ಸ್ಪಷ್ಟವಾಗಿ ನೋಡುವ ಫೋವಿಯಾದ ನಡುಭಾಗದಲ್ಲಿ ಒಂದು ಕೋನ್ ಕೋಶದ ಅಗಲ ಎರಡು ಎರಡೂವರೆ ಮೈಕ್ರೋಮೀಟರ್ ಅಷ್ಟೇ. ಅರ್ಧ ಡಿಗ್ರಿಯ ನೆಗೆತಕ್ಕೆ ಅರವತ್ತು ಎಪ್ಪತ್ತು ಕೋಶಗಳಷ್ಟು ದೂರ ದಾಟಿಹೋಯಿತು! ರೆಟಿನಾಕ್ಕೆ ಲೇಸರ್ ಚಿಕಿತ್ಸೆ ಕೊಡುವಾಗ ಸುಡಬೇಕಾದ ಜಾಗ ತಪ್ಪಿ ಫೋವಿಯಾಕ್ಕೆ ಬಿದ್ದರೆ ಆ ದೃಷ್ಟಿ ವಾಪಸ್ ಬರುವುದಿಲ್ಲ. ಈ ಮೈಕ್ರೋಮೀಟರುಗಳ ಲೆಕ್ಕ ಯಾಕೆ ಮುಖ್ಯ ಅನ್ನೋದಕ್ಕೆ ಇಷ್ಟು ಸಾಕು.

ಇನ್ನೊಂದು ಮಾತು. ಈ ಅಲುಗಾಟ ಕಣ್ಣಿನ ದೋಷವಲ್ಲ. 1950ರ ದಶಕದ ಮೊದಲಲ್ಲಿ ಡಿಚ್‌ಬರ್ನ್ ಮತ್ತು ರಿಗ್ಸ್ ಅವರ ತಂಡಗಳು ಬೇರೆಬೇರೆಯಾಗಿ, ಕಣ್ಣಿಗೆ ಬಿಗಿಯಾಗಿ ಕೂರುವ ಕಾಂಟ್ಯಾಕ್ಟ್ ಲೆನ್ಸ್‌ಗೆ ಪುಟ್ಟ ಕನ್ನಡಿ ಅಂಟಿಸಿ, ಕಣ್ಣಿನ ಜೊತೆಗೇ ಚಲಿಸುವ ಚಿತ್ರವನ್ನು ತೋರಿಸಿದವು. ರೆಟಿನಾದ ಮೇಲೆ ನಿಜಕ್ಕೂ ನಿಂತುಬಿಟ್ಟ ಆ ಚಿತ್ರ ಕೆಲವೇ ಸೆಕೆಂಡುಗಳಲ್ಲಿ ಮಾಸಿಹೋಯಿತು. ಕಣ್ಣು ಕಾಣಬೇಕಾದರೆ ಅಲುಗಲೇಬೇಕು. ಹಾಗಾಗಿ ಅಲುಗಾಟದ ಭಾರವನ್ನು ರೋಗಿಯ ಮೇಲೆ ಹಾಕುವಂತಿಲ್ಲ, ಉಪಕರಣವೇ ಹೊರಬೇಕು.

ಹಳೆಯ ದಾರಿ: ಕಟ್ಟಿಹಾಕುವುದು

ಗದ್ದದ ಆಸರೆ, ಹಣೆಪಟ್ಟಿ, ದಿಟ್ಟಿಸಲು ಒಂದು ದೀಪ, ಇವು ಈಗಲೂ ಪ್ರತಿ ಸ್ಲಿಟ್ ಲ್ಯಾಂಪ್‌ನಲ್ಲಿ ಇವೆ. ಪ್ರಯೋಗಶಾಲೆಗಳಲ್ಲಿ ಇನ್ನೂ ಮುಂದೆ ಹೋಗಿ ಹಲ್ಲಿನ ಅಚ್ಚು ತೆಗೆದ ಪಟ್ಟಿಯನ್ನು ಕಚ್ಚಿಸಿ ಕೂರಿಸುತ್ತಾರೆ. ಇವೆಲ್ಲ ತಲೆಯನ್ನು ಹಿಡಿಯುತ್ತವೆ, ಕಣ್ಣನ್ನಲ್ಲ. ಲೇಸರ್ ಕೊಡುವಾಗ ವೈದ್ಯರು ಕೈಯಲ್ಲಿ ಹಿಡಿಯುವ ಕಾಂಟ್ಯಾಕ್ಟ್ ಲೆನ್ಸ್ ಕಣ್ಣನ್ನು ತಕ್ಕಮಟ್ಟಿಗೆ ಸ್ಥಿರಗೊಳಿಸುತ್ತದೆ, ಪೂರ್ತಿಯಾಗಿ ಅಲ್ಲ.

ಕೆಲವರಿಗೆ ದಿಟ್ಟಿಸಿ ನೋಡುವುದೇ ಸಾಧ್ಯವಿಲ್ಲ. ಅವಧಿಗೆ ಮೊದಲೇ ಹುಟ್ಟಿದ ಶಿಶುವಿಗೆ "ಇಲ್ಲಿ ನೋಡು" ಅನ್ನೋಕಾಗುತ್ತಾ? ಅಂಥ ಶಿಶುಗಳಿಗೆ ಬರುವ ರೆಟಿನಾ ತೊಂದರೆಯನ್ನು ಪತ್ತೆಹಚ್ಚಲು, ಕಾರ್ನಿಯಾದ ಮೇಲೆ ಜೆಲ್ ಹಾಕಿ ನೇರವಾಗಿ ತಾಗಿಸಿ ಹಿಡಿಯುವ ಅಗಲ ನೋಟದ ಕ್ಯಾಮೆರಾ ಇದೆ. ಅದು ಒಂದೇ ಸಲಕ್ಕೆ ಸುಮಾರು 130 ಡಿಗ್ರಿಯಷ್ಟು ನೋಡುತ್ತದೆ. ಕರ್ನಾಟಕದಲ್ಲಿ 2008ರಿಂದ ನಡೆಯುತ್ತಿರುವ ಕಿಡ್‌ರಾಪ್ ಯೋಜನೆಯಲ್ಲಿ ಇಂಥ ಕ್ಯಾಮೆರಾವನ್ನು ಊರೂರಿಗೆ ಒಯ್ದು, ಚಿತ್ರವನ್ನು ದೂರದ ತಜ್ಞರಿಗೆ ಕಳಿಸುತ್ತಾರೆ. ಇಲ್ಲಿಯ ಉಪಾಯ ಸರಳ: ನೋಟವೇ ಅಷ್ಟು ಅಗಲವಿದ್ದರೆ ಕಣ್ಣು ಸ್ವಲ್ಪ ಅಲುಗಿದರೂ ನೋಡಬೇಕಾದ ಜಾಗ ಚೌಕಟ್ಟಿನೊಳಗೇ ಉಳಿಯುತ್ತದೆ.

ನಿಸ್ಟಾಗ್ಮಸ್ ಇರುವವರ ಕಣ್ಣು ತಾನಾಗಿಯೇ ಅತ್ತಿತ್ತ ತೂಗುತ್ತಿರುತ್ತದೆ. ಬೇಡ ಅಂದರೂ ಅವರು ನಿಲ್ಲಿಸಲಾರರು. ಅವರ ರೆಟಿನಾದ ಕೋಶಗಳನ್ನು ನೋಡಬೇಕಾದರೆ ಕಟ್ಟಿಹಾಕುವ ದಾರಿ ಸಾಲದು, ಹಿಂಬಾಲಿಸುವ ದಾರಿಯೇ ಬೇಕು.

ಹಿಂಬಾಲಿಸುವ ಕನ್ನಡಿ

ಉಪಾಯದ ಮೂಲ ನಮಗೆ ಪಿಯುಸಿಯಲ್ಲೇ ಗೊತ್ತಿದ್ದದ್ದು: ಕನ್ನಡಿ θ ತಿರುಗಿದರೆ ಪ್ರತಿಫಲಿತ ಕಿರಣ 2θ ತಿರುಗುತ್ತದೆ. ಕಣ್ಣು 1 ಡಿಗ್ರಿ ತಿರುಗಿದಾಗ ದಾರಿಯಲ್ಲಿರುವ ಕನ್ನಡಿಯನ್ನು ಅರ್ಧ ಡಿಗ್ರಿ ಸರಿಯಾದ ದಿಕ್ಕಿಗೆ ತಿರುಗಿಸಿದರೆ ಕ್ಯಾಮೆರಾಕ್ಕೆ ಕಣ್ಣು ತಿರುಗಲೇ ಇಲ್ಲ ಅನ್ನಿಸುತ್ತದೆ.

ಆದರೆ ಕನ್ನಡಿಯನ್ನು ಎಲ್ಲಿ ಇಡಬೇಕು? ಕಣ್ಣಿನಿಂದ ದೂರದಲ್ಲಿ ಎಲ್ಲೋ ಇಟ್ಟು ತಿರುಗಿಸಿದರೆ ಕಿರಣ ಪಾಪೆಯ ಮೇಲೆ ಪಕ್ಕಕ್ಕೆ ಸರಿದು ಅಂಚಿಗೆ ಬಡಿಯುತ್ತದೆ, ಚಿತ್ರ ಕಪ್ಪಾಗುತ್ತದೆ. ಪಾಪೆಯಲ್ಲೇ ಕನ್ನಡಿ ಇಡೋಕಂತೂ ಆಗೋದಿಲ್ಲ. ಆದ್ದರಿಂದ ಎರಡು ಮಸೂರಗಳಿಂದ ಪಾಪೆಯ ಬಿಂಬವನ್ನು ಹೊರಗೆ ಮೂಡಿಸಿ, ಆ ಬಿಂಬ ಇರುವ ಜಾಗದಲ್ಲಿ ಕನ್ನಡಿ ಇಡುತ್ತಾರೆ. ಆಗ ಕಿರಣ ಪಾಪೆಯ ನಡುವನ್ನೇ ಕೀಲಾಗಿ ಮಾಡಿಕೊಂಡು ತಿರುಗುತ್ತದೆ. ಪಾಪೆಯ ಬಿಂಬ ಎಷ್ಟು ಪಟ್ಟು ದೊಡ್ಡದಾಗುತ್ತದೋ ಕೋನ ಅಷ್ಟು ಪಟ್ಟು ಚಿಕ್ಕದಾಗುತ್ತದೆ. ಬಿಂಬ 2 ಪಟ್ಟು ದೊಡ್ಡದಿದ್ದರೆ, ಕಣ್ಣಿನ 1 ಡಿಗ್ರಿಗೆ ಕನ್ನಡಿ ತಿರುಗಬೇಕಾದದ್ದು ಕಾಲು ಡಿಗ್ರಿ ಮಾತ್ರ. ಆದರೆ ಕನ್ನಡಿಯೂ ಅಗಲವಾಗಬೇಕು, ಭಾರ ಹೆಚ್ಚುತ್ತದೆ, ವೇಗ ಕಡಿಮೆಯಾಗುತ್ತದೆ. ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ.

ದೊಡ್ಡ ಚಲನೆಗೆ ಇನ್ನೊಂದು ತೊಡಕಿದೆ. ಕಣ್ಣು ತಿರುಗುವ ಕೇಂದ್ರ ಪಾಪೆಗಿಂತ ಸುಮಾರು 10 ಮಿ.ಮೀ. ಹಿಂದೆ ಇದೆ. ಹಾಗಾಗಿ 10 ಡಿಗ್ರಿ ತಿರುಗಿದರೆ ಪಾಪೆಯೇ 1.7 ಮಿ.ಮೀ. ಪಕ್ಕಕ್ಕೆ ಹೋಗಿಬಿಡುತ್ತದೆ. ಆಗ ಕೋನಕ್ಕೊಂದು, ಸ್ಥಾನಕ್ಕೊಂದು, ಹೀಗೆ ಎರಡು ತಿದ್ದುಪಡಿ ಬೇಕು.

ತಿರುಗಿತೋ? ಸರಿಯಿತೋ?

ಇಡೀ ವಿಷಯದ ಜೀವಾಳ ಇಲ್ಲಿದೆ. ಕನ್ನಡಿಯನ್ನು ಎಷ್ಟು ತಿರುಗಿಸಬೇಕು ಅಂತ ಗೊತ್ತಾಗಬೇಕಾದರೆ ಕಣ್ಣು ಎಷ್ಟು ತಿರುಗಿತು ಅಂತ ಅಳೆಯಬೇಕು. ಕಣ್ಣಿಗೆ ಇನ್‌ಫ್ರಾರೆಡ್ ದೀಪ ತೋರಿಸಿ, ಕಾರ್ನಿಯಾದ ಮೇಲಿನ ಹೊಳಪು ಚುಕ್ಕಿಯನ್ನು ಕ್ಯಾಮೆರಾದಲ್ಲಿ ಹಿಂಬಾಲಿಸಿದರೆ ಸಾಲದೇ?

ಸಾಲದು. ಕಣ್ಣು 1 ಡಿಗ್ರಿ ತಿರುಗಿದರೆ ಆ ಚುಕ್ಕಿ ಸುಮಾರು 0.1 ಮಿ.ಮೀ. ಚಲಿಸುತ್ತದೆ. ತಲೆ 0.1 ಮಿ.ಮೀ. ಪಕ್ಕಕ್ಕೆ ಸರಿದರೂ ಅಷ್ಟೇ ಚಲಿಸುತ್ತದೆ! ಕ್ಯಾಮೆರಾಕ್ಕೆ ಎರಡೂ ಒಂದೇ. ಆದರೆ ರೆಟಿನಾದ ಪಾಲಿಗೆ ಎರಡೂ ಒಂದೇ ಅಲ್ಲ. ಸಮಾಂತರ ಕಿರಣಗಳು ಕಣ್ಣಿನ ಎಲ್ಲಿಂದ ಒಳಹೊಕ್ಕರೂ ರೆಟಿನಾದ ಒಂದೇ ಬಿಂದುವಿಗೆ ಬರುತ್ತವೆ. ಅಂದರೆ ಕಣ್ಣು ಬರೀ ಸರಿದಾಗ ಚಿತ್ರ ಬಹುಮಟ್ಟಿಗೆ ಅಲ್ಲೇ ಇರುತ್ತದೆ. ಉಪಕರಣ ಅದನ್ನು ತಿರುಗಾಟ ಅಂತ ತಪ್ಪು ತಿಳಿದು ಕನ್ನಡಿ ಆಡಿಸಿದರೆ, ನಿಂತಿದ್ದ ಚಿತ್ರವನ್ನು ತಾನೇ 300 ಮೈಕ್ರೋಮೀಟರ್ ತಳ್ಳಿಬಿಡುತ್ತದೆ. ಸ್ಥಿರಗೊಳಿಸಲು ಹೋಗಿ ಅಲುಗಾಡಿಸಿದ ಹಾಗಾಯ್ತು.

ಇದಕ್ಕೆ 1973ರಲ್ಲಿ ಕಾರ್ನ್‌ಸ್ವೀಟ್ ಮತ್ತು ಕ್ರೇನ್ ಕೊಟ್ಟ ಉತ್ತರ ಬಹಳ ಚೆಂದ. ಕಣ್ಣಿಗೆ ಬಿದ್ದ ಬೆಳಕು ನಾಲ್ಕು ಮೇಲ್ಮೈಗಳಿಂದ ಪ್ರತಿಫಲಿಸುತ್ತದೆ: ಕಾರ್ನಿಯಾದ ಮುಂದೆ, ಹಿಂದೆ, ಕಣ್ಣಿನ ಮಸೂರದ ಮುಂದೆ, ಹಿಂದೆ. ಚೆಕ್ ವಿಜ್ಞಾನಿ ಪರ್ಕಿನ್ಯೆ ಹೆಸರಿನಿಂದ ಇವನ್ನು ಪರ್ಕಿಂಜೆ ಬಿಂಬಗಳು ಅಂತಾರೆ. ಮೊದಲನೆಯದು ಪ್ರಖರ. ನಾಲ್ಕನೆಯದು ಅದರ ನೂರರಲ್ಲಿ ಒಂದು ಪಾಲೂ ಇಲ್ಲದಷ್ಟು ಮಂಕು. ಆದರೆ ಎರಡೂ ಕಣ್ಣಿನೊಳಗೆ ಹತ್ತಿರ ಹತ್ತಿರ ಒಂದೇ ಆಳದಲ್ಲಿ ಮೂಡುತ್ತವೆ.

ಕಾರ್ನಿಯಾದ ಮುಂಭಾಗ ಮತ್ತು ಮಸೂರದ ಹಿಂಭಾಗ ವಿರುದ್ಧ ದಿಕ್ಕಿಗೆ ಬಾಗಿವೆ. ಅವುಗಳ ವಕ್ರತಾ ಕೇಂದ್ರಗಳ ನಡುವೆ ಸುಮಾರು 7 ಮಿ.ಮೀ. ಅಂತರ. ಕಣ್ಣು ಪಕ್ಕಕ್ಕೆ ಸರಿದರೆ ಎರಡು ಬಿಂಬಗಳೂ ಜೊತೆಯಾಗಿ, ಒಂದೇ ಅಳತೆಯಲ್ಲಿ ಸರಿಯುತ್ತವೆ, ನಡುವಿನ ಅಂತರ ಬದಲಾಗುವುದಿಲ್ಲ. ಕಣ್ಣು ತಿರುಗಿದರೆ ಒಂದು ಹೆಚ್ಚು, ಒಂದು ಕಡಿಮೆ ಚಲಿಸಿ ಅಂತರ ಬದಲಾಗುತ್ತದೆ. ಆ ಬದಲಾವಣೆ ಸುಮಾರು 7 sinθ ಮಿ.ಮೀ., ಅಂದರೆ ಡಿಗ್ರಿಗೆ 0.12 ಮಿ.ಮೀ. ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಮರವನ್ನೂ ದೂರದ ಗುಡ್ಡವನ್ನೂ ಹೋಲಿಸಿ ನೋಡುವ ಹಾಗೆ, ಒಂದು ಗುರುತಿನಿಂದ ತಿಳಿಯದ್ದು ಎರಡು ಗುರುತುಗಳ ವ್ಯತ್ಯಾಸದಿಂದ ತಿಳಿಯಿತು. ನಿಖರತೆ ಸುಮಾರು 1 ಆರ್ಕ್ ಮಿನಿಟ್, ಅಂದರೆ ಡಿಗ್ರಿಯ 60ರಲ್ಲಿ ಒಂದು ಪಾಲು.

ಇದಕ್ಕೂ ಮಿತಿ ಇದೆ. ಕಣ್ಣು ಥಟ್ಟನೆ ನೆಗೆದು ನಿಂತಾಗ ಒಳಗಿನ ಮಸೂರ ಕ್ಷಣಕಾಲ ಓಲಾಡುತ್ತದೆ. ನಾಲ್ಕನೆಯ ಬಿಂಬವೂ ಅದರ ಜೊತೆ ಓಲಾಡಿ ಸುಳ್ಳು ಹೇಳುತ್ತದೆ.

ರೆಟಿನಾವನ್ನೇ ಕೇಳಿದರೆ?

ನೋಡಬೇಕಾದದ್ದು ರೆಟಿನಾ ಆದರೆ ಅದನ್ನೇ ಹಿಂಬಾಲಿಸಬಹುದಲ್ಲ? 1980ರಲ್ಲಿ ವೆಬ್ ಮತ್ತು ಸಂಗಡಿಗರು ಒಂದು ಲೇಸರ್ ಚುಕ್ಕಿಯನ್ನು ರೆಟಿನಾದ ಮೇಲೆ ಸಾಲುಸಾಲಾಗಿ ಓಡಿಸಿ ಚಿತ್ರ ಕಟ್ಟುವ ಉಪಕರಣವನ್ನು ತೋರಿಸಿದರು. ಸ್ಕ್ಯಾನಿಂಗ್ ಲೇಸರ್ ಆಫ್ತಾಲ್ಮೋಸ್ಕೋಪ್ ಅಂತ ಈಗ ಕರೆಯುವುದು ಇದನ್ನೇ. ಇಲ್ಲಿ ಪ್ರತಿ ಸಾಲೂ ಬೇರೆ ಬೇರೆ ಕ್ಷಣದ್ದು. ಓಡುವ ರೈಲಿನಿಂದ ಮೊಬೈಲ್‌ನಲ್ಲಿ ವಿಡಿಯೋ ತೆಗೆದಾಗ ಕರೆಂಟ್ ಕಂಬಗಳು ಓರೆಯಾಗಿ ಕಾಣುತ್ತವಲ್ಲ, ಹಾಗೆಯೇ ಕಣ್ಣು ಅಲುಗಿದರೆ ರೆಟಿನಾದ ಚಿತ್ರ ಸೊಟ್ಟಗಾಗುತ್ತದೆ. ಆ ಸೊಟ್ಟವೇ ಮಾಹಿತಿ!

ಉದಾಹರಣೆಗೆ ಸೆಕೆಂಡಿಗೆ 30 ಫ್ರೇಮ್, ಫ್ರೇಮಿಗೆ 512 ಸಾಲು ಇದೆ ಅಂದುಕೊಳ್ಳಿ. 16 ಸಾಲುಗಳ 32 ಪಟ್ಟಿ ಮಾಡಿ, ಪ್ರತಿ ಪಟ್ಟಿಯನ್ನೂ ಮೊದಲೇ ತೆಗೆದಿಟ್ಟ ಒಳ್ಳೆಯ ಫ್ರೇಮಿನ ಜೊತೆ ಕ್ರಾಸ್ ಕೋರಿಲೇಶನ್ ಮಾಡಿದರೆ ಪಟ್ಟಿ ಎಷ್ಟು ಸರಿದಿದೆ ಅಂತ ಸಿಗುತ್ತದೆ. ಸೆಕೆಂಡಿಗೆ 30 ಅಳತೆ ಬದಲು 960 ಅಳತೆ. ಸಿಗ್ನಲ್ಸ್ ಪೇಪರ್‌ನಲ್ಲಿ "ಇದೆಲ್ಲ ಯಾವಾಗ ಉಪಯೋಗಕ್ಕೆ ಬರುತ್ತೆ ಸಾರ್" ಅಂತ ಕೇಳಿದ್ದೆವಲ್ಲ, ಇಲ್ಲಿದೆ ಉತ್ತರ. 1997ರಲ್ಲಿ ಲಿಯಾಂಗ್, ವಿಲಿಯಮ್ಸ್, ಮಿಲ್ಲರ್ ಅವರು ಬಾಗುವ ಕನ್ನಡಿಯಿಂದ ಕಣ್ಣಿನ ದೋಷ ತಿದ್ದಿ ಜೀವಂತ ಕಣ್ಣಿನಲ್ಲಿ ಬಿಡಿಬಿಡಿ ಕೋನ್‌ಗಳನ್ನು ತೋರಿಸಿದರು. 2002ರಲ್ಲಿ ರೂರ್ಡಾ ಮತ್ತು ಸಂಗಡಿಗರು ಆ ಕನ್ನಡಿಯನ್ನು ಸ್ಕ್ಯಾನಿಂಗ್ ಉಪಕರಣಕ್ಕೆ ಜೋಡಿಸಿದರು. ಒಂದೊಂದು ಕೋಶ ಕಾಣುವಷ್ಟು ಹಿಗ್ಗಿಸಿದಾಗ ಅಲುಗಾಟವೂ ಅಷ್ಟೇ ಹಿಗ್ಗುತ್ತದೆ. ಹಾಗಾಗಿ ಅಲ್ಲಿ ಈ ಪಟ್ಟಿ ಲೆಕ್ಕ ಬೇಕೇ ಬೇಕು.

ತಡ ಎಷ್ಟು?

ಅಳೆಯಲು, ಲೆಕ್ಕ ಹಾಕಲು, ಕನ್ನಡಿ ತಿರುಗಲು ಸಮಯ ಹಿಡಿಯುತ್ತದೆ. ಡ್ರಿಫ್ಟ್ ಸೆಕೆಂಡಿಗೆ ಅರ್ಧ ಡಿಗ್ರಿ ಅಂತ ಇಟ್ಟುಕೊಳ್ಳಿ. ಒಂದು ಫ್ರೇಮ್ ತಡವಾದರೆ, ಅಂದರೆ 33 ಮಿಲಿಸೆಕೆಂಡಿಗೆ, ತಪ್ಪು 5 ಮೈಕ್ರೋಮೀಟರ್, ಎರಡು ಕೋಶದಷ್ಟು. 3 ಮಿಲಿಸೆಕೆಂಡಿಗೆ ಇಳಿಸಿದರೆ ಅರ್ಧ ಮೈಕ್ರೋಮೀಟರ್‌ಗೂ ಕಡಿಮೆ. ಪರವಾಗಿಲ್ಲ.

ಆದರೆ ಸೆಕೆಂಡಿಗೆ 300 ಡಿಗ್ರಿ ವೇಗದ ದೊಡ್ಡ ನೆಗೆತ ಬಂದರೆ? ಅದೇ 3 ಮಿಲಿಸೆಕೆಂಡಿಗೆ ತಪ್ಪು 270 ಮೈಕ್ರೋಮೀಟರ್. ಇಲ್ಲಿ ಹಟ ಹಿಡಿದು ಹಿಂಬಾಲಿಸುವುದು ಜಾಣತನವಲ್ಲ. ಒಳ್ಳೆಯ ಉಪಕರಣ "ಈಗ ನನಗೆ ಗೊತ್ತಿಲ್ಲ" ಅಂತ ಒಪ್ಪಿಕೊಂಡು ಆ ಫ್ರೇಮ್ ಬಿಟ್ಟುಬಿಡುತ್ತದೆ. ಲೇಸರ್ ಕೊಡುತ್ತಿದ್ದರೆ ಬೆಳಕನ್ನೇ ಮುಚ್ಚುತ್ತದೆ. ಕಣ್ಣು ನಿಂತ ಮೇಲೆ ಗುರುತು ಹುಡುಕಿ ಮತ್ತೆ ಶುರು. ಹಿಂಬಾಲಿಸುವುದರಷ್ಟೇ ಮುಖ್ಯ, ಯಾವಾಗ ಬಿಡಬೇಕು ಅಂತ ತಿಳಿಯುವುದು.

ಮರೆತುಹೋಗುವ ಮೂರನೆಯ ಅಕ್ಷ

ಕಣ್ಣು ಎಡಬಲ, ಮೇಲೆಕೆಳಗೆ ಅಷ್ಟೇ ಅಲ್ಲ, ಗಡಿಯಾರದ ಮುಳ್ಳಿನಂತೆ ತನ್ನ ಅಕ್ಷದ ಸುತ್ತಲೂ ಹೊರಳುತ್ತದೆ. ಕೂತಾಗ ಇದ್ದ ಕಣ್ಣು ಮಲಗಿದಾಗ ಕೆಲವು ಡಿಗ್ರಿ ಹೊರಳಿರಬಹುದು. ಕೂರಿಸಿ ಅಳತೆ ತೆಗೆದು, ಮಲಗಿಸಿ ಲೇಸರ್‌ನಿಂದ ಸಿಲಿಂಡರ್ ಪವರ್ ತಿದ್ದುವಾಗ ಇದು ದುಬಾರಿ. ಅಕ್ಷ θ ತಪ್ಪಿದರೆ ಉಳಿಯುವ ದೋಷ ಮೂಲದ 2 sinθ ಪಾಲು. 5 ಡಿಗ್ರಿಗೆ ಶೇ. 17. 30 ಡಿಗ್ರಿ ತಪ್ಪಿದರೆ ತಿದ್ದಿಯೂ ತಿದ್ದದ ಹಾಗೆ. ಅದಕ್ಕೇ ಯಂತ್ರ ಕಣ್ಣಿನ ಐರಿಸ್ ಗೆರೆಗಳನ್ನು ಗುರುತಿಟ್ಟು ಹೊರಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಬರೀ ಆಪ್ಟಿಕ್ಸ್‌ನಿಂದ ಮಾಡಬೇಕಾದರೆ ಡವ್ ಪ್ರಿಸಮ್ ಇದೆ: ಪ್ರಿಸಮ್ ಎಷ್ಟು ತಿರುಗಿಸುತ್ತೀರೋ ಚಿತ್ರ ಅದರ ಎರಡರಷ್ಟು ತಿರುಗುತ್ತದೆ. ಸಮಾಂತರ ಕಿರಣಗಳಿರುವ ಜಾಗದಲ್ಲೇ ಇಡಬೇಕು, ಇಲ್ಲದಿದ್ದರೆ ಪ್ರಿಸಮ್ಮೇ ಚಿತ್ರ ಕೆಡಿಸುತ್ತದೆ.

ನಾವೇ ಮಾಡಿ ನೋಡಬಹುದಾ?

ಮಾಡಬಹುದು. ನಿಜವಾದ ಕಣ್ಣಿಗೆ ಲೇಸರ್ ಬೇಡವೇ ಬೇಡ. ಒಂದು ಪಿಂಗ್‌ಪಾಂಗ್ ಚೆಂಡಿನ ಮೇಲೆ ರಕ್ತನಾಳಗಳಂಥ ಗೆರೆ ಬರೆಯಿರಿ, ಸರ್ವೋ ಮೋಟರಿಗೆ ಕೂರಿಸಿ ಅಲುಗಾಡಿಸಿ. ಮುಂದೆ ಇನ್ನೊಂದು ಸರ್ವೋ ಮೇಲೆ ಕನ್ನಡಿ, ಅದರಾಚೆ ವೆಬ್‌ಕ್ಯಾಮ್. ಗೆರೆಗಳನ್ನು ಕೋರಿಲೇಶನ್‌ನಿಂದ ಹಿಂಬಾಲಿಸಿ ಕನ್ನಡಿ ತಿರುಗಿಸಿ, ಚಿತ್ರ ಎಷ್ಟು ನಿಲ್ಲುತ್ತದೆ ನೋಡಿ. ಆಮೇಲೆ ಚೆಂಡನ್ನು ತಿರುಗಿಸದೆ ಬರೀ ಪಕ್ಕಕ್ಕೆ ಸರಿಸಿ. ಚೆಂಡಿನಲ್ಲಿ ಮಸೂರ ಇಲ್ಲದ್ದರಿಂದ ಇಲ್ಲಿ ಚಿತ್ರ ಸರಿಯುತ್ತದೆ, ಕ್ಯಾಮೆರಾಕ್ಕೆ ಅದು ತಿರುಗಾಟದ ಹಾಗೇ ಕಾಣುತ್ತದೆ. ಎರಡನ್ನೂ ಬೇರೆ ಮಾಡಲು ಎರಡನೆಯ ಗುರುತು ಯಾಕೆ ಬೇಕು ಅನ್ನೋದು ಆಗ ಕೈಗೇ ಗೊತ್ತಾಗುತ್ತದೆ. ಕೊನೆಗೆ ಒಟ್ಟು ತಡ ಎಷ್ಟು ಮಿಲಿಸೆಕೆಂಡ್ ಅಂತ ಅಳೆದು ಬರೆದಿಡಿ.

ಮುಂದಿನ ಸಲ ಅಜ್ಜಿ ಜೊತೆ ಹೋದಾಗ "ಕಣ್ಣು ಆಡಿಸಬೇಡಿ" ಅನ್ನೋ ಮಾತು ಕೇಳಿದರೆ, ಹೊರಗೆ ಬಂದ ಮೇಲೆ ಅವರಿಗೆ ಇಷ್ಟು ಹೇಳಿ: "ಅಜ್ಜೀ, ನಿಮ್ಮ ಕಣ್ಣು ಸರಿಯಾಗೇ ಕೆಲಸ ಮಾಡ್ತಿದೆ. ನಿಲ್ಲಿಸಬೇಕಾದದ್ದು ಚಿತ್ರವನ್ನ, ಆ ಕೆಲಸ ನಮ್ಮಂಥವರದ್ದು."