ಕುಡಿತ, ಖಿನ್ನತೆ ಮತ್ತು ಒಂದು ಹಾಳೆಯ ಅಂಕ

ಪ್ರಶ್ನೆ: ನಮ್ಮ ಮನೆಯವರನ್ನು ಕುಡಿತ ಬಿಡಿಸಲು ಆಸ್ಪತ್ರೆಗೆ ಸೇರಿಸಿದೆವು. ನಾಲ್ಕನೇ ದಿನ ಒಂಬತ್ತು ಪ್ರಶ್ನೆಗಳ ಹಾಳೆ ತುಂಬಿಸಿದರು. 17 ಅಂಕ ಬಂತು, ಖಿನ್ನತೆ ಇರಬಹುದು ಎಂದರು. ಜೀವನಪೂರ್ತಿ ಮಾತ್ರೆ ನುಂಗಬೇಕೇ?
– ಹೆಸರು ಬೇಡ, ಸಿರುಗುಪ್ಪ

ಉತ್ತರ: ಗಾಬರಿಯಾಗಬೇಡಿ ಅಮ್ಮಾ. ಅದು ಪಿಎಚ್‌ಕ್ಯೂ-9 ಇರಬೇಕು. ಕಳೆದ ಎರಡು ವಾರ ಹೇಗಿದ್ದಿರಿ ಎಂದು ಕೇಳುತ್ತದೆ. ಒಟ್ಟು 27 ಅಂಕ. 10 ಮುಟ್ಟಿದರೆ ವೈದ್ಯರು ಕೂರಿಸಿಕೊಂಡು ವಿಚಾರಿಸುತ್ತಾರೆ. ನಾಲ್ಕನೇ ದಿನ ಕೇಳಿದಾಗ ಆ ಎರಡು ವಾರದಲ್ಲಿ ಹೆಚ್ಚಿನವು ಕುಡಿದ ದಿನಗಳೇ. ಉಳಿದ ದಿನಗಳ ನಿದ್ದೆಗೇಡು, ಊಟ ಸೇರದಿರುವುದು, ಚಡಪಡಿಕೆ ಕುಡಿತ ನಿಲ್ಲಿಸಿದ್ದರಿಂದಲೂ ಬರುತ್ತವೆ. ಎರಡರಿಂದ ನಾಲ್ಕು ವಾರ ಕುಡಿಯದೆ ಇದ್ದ ಮೇಲೆ ಮತ್ತೆ ಕೇಳಿದರೆ ಅನೇಕರ ಅಂಕ ಇಳಿದಿರುತ್ತದೆ. ಇಳಿಯದಿದ್ದರೆ, ಅಥವಾ ಕುಡಿತ ಶುರುವಾಗುವ ಮೊದಲೇ ಖಿನ್ನತೆ ಇದ್ದಿದ್ದರೆ, ಅದಕ್ಕೇ ಬೇರೆ ಚಿಕಿತ್ಸೆ ಬೇಕು. ಆಗಲೂ ಮಾತ್ರೆ ಎಲ್ಲರಿಗೂ ಜೀವನಪೂರ್ತಿ ಬೇಕಾಗುವುದಿಲ್ಲ. ಆದರೆ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ ಹೌದು ಎಂದಿದ್ದರೆ ಒಂದು ದಿನವೂ ಕಾಯಬೇಡಿ, ವೈದ್ಯರಿಗೆ ಹೇಳಿ. ಭತ್ತಕ್ಕೆ ಹೊಡೆಯುವ ಎಣ್ಣೆಯನ್ನು ಮನೆಯಿಂದ ಆಚೆ ಸಾಗಿಸಿ.

ಪ್ರಶ್ನೆ: ಖಿನ್ನತೆಯಲ್ಲಿ ನಡವಳಿಕೆ ಹೇಗೆ ಬದಲಾಗುತ್ತದೆ ಎಂದು ಅಳೆಯುವ ‘ಬ್ಯಾಡ್ಸ್’ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು ವ್ಯಸನಿಗಳಿಗೆ ಬಳಸಬಹುದೇ?
– ಮನಃಶಾಸ್ತ್ರ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಬಳಸಬಹುದು, ಮೊದಲು ಪರೀಕ್ಷಿಸಿ. ಜೊನಾಥನ್ ಕ್ಯಾಂಟರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಇದರಲ್ಲಿ 25 ಹೇಳಿಕೆ, ನಾಲ್ಕು ಭಾಗ: ಚಟುವಟಿಕೆ, ನುಣುಚಿಕೊಳ್ಳುವಿಕೆ ಮತ್ತು ಕೊರಗು, ಕೆಲಸದಲ್ಲಿ ಹಿನ್ನಡೆ, ಜನರಿಂದ ದೂರವಾಗುವುದು. ಇಲ್ಲಿನ ಜೀನ್ಸ್ ಹೊಲಿಯುವವನು ಸೋಮವಾರ ಕೆಲಸ ತಪ್ಪಿಸಿದ್ದು ಮನಸ್ಸಿಲ್ಲದೆಯೋ, ಭಾನುವಾರದ ಅಮಲು ಇಳಿಯದೆಯೋ? ಹಾಳೆಯಲ್ಲಿ ಎರಡಕ್ಕೂ ಒಂದೇ ಗುರುತು. ದಿನಾ ಸಂಜೆ ಬಾರಿನಲ್ಲಿ ಕೂರುವವನು ತಾನು ಜನರೊಡನೆ ಬೆರೆಯುತ್ತೇನೆ ಎಂದೇ ಬರೆದಾನು. ವಾರವಿಡೀ ವಾರ್ಡಿನಲ್ಲಿದ್ದವನಿಗೆ ಕೆಲಸದ ಪ್ರಶ್ನೆ ಅನ್ವಯಿಸುವುದೇ ಇಲ್ಲ. ಆದ್ದರಿಂದ ಆ ನಾಲ್ಕು ಭಾಗ ಈ ಜನರಲ್ಲೂ ಹಾಗೇ ನಿಲ್ಲುತ್ತವೆಯೇ ನೋಡಿ. ಕೆಲ ದಿನ ಬಿಟ್ಟು ಮತ್ತೆ ಕೇಳಿ; ಅಂಕವನ್ನು ಮನೋವೈದ್ಯರ ಸಂದರ್ಶನದ ಜತೆ ತಾಳೆ ಹಾಕಿ. ಕೊನೆಯ ಬಾರಿ ಕುಡಿದದ್ದು ಯಾವಾಗ ಎಂಬುದನ್ನು ಪ್ರತಿ ಹಾಳೆಯ ಮೇಲೂ ಬರೆಯಿರಿ. ಓದು ಬಾರದವರಿಗೆ ಓದಿ ಹೇಳುವುದಾದರೆ ಎಲ್ಲರಿಗೂ ಓದಿಯೇ ಹೇಳಿ. ಮೂಲ ಲೇಖಕರ ಅನುಮತಿ, ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಿರಿ.

ಪ್ರಶ್ನೆ: ಆಶಾ ಕಾರ್ಯಕರ್ತೆಯರಾದ ನಾವು ಇಂಥ ಹಾಳೆ ತುಂಬಿಸಿದರೆ ಪ್ರಯೋಜನವಿದೆಯೇ?
– ಕುರುಗೋಡು

ಉತ್ತರ: ತರಬೇತಿ ಪಡೆದಿದ್ದರೆ ಖಂಡಿತ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಕಾರ್ಯಕರ್ತರ ಮೂಲಕವೇ ಮಾನಸಿಕ ಚಿಕಿತ್ಸೆ ನೀಡಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ತೋರಿಸಿದ್ದು ನಿಮ್ಮ ಜಿಲ್ಲೆಯಲ್ಲೇ. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಅಂಕ ನೋಡಿ ನೀವೇ ಕಾಯಿಲೆಯ ಹೆಸರು ಹೇಳಬೇಡಿ, ವೈದ್ಯರ ಬಳಿ ಕಳಿಸಿ. ದಿನವೂ ವಿಪರೀತ ಕುಡಿಯುವವರಿಗೆ ಇವತ್ತೇ ಬಿಟ್ಟುಬಿಡಿ ಎಂದೂ ಒತ್ತಾಯಿಸಬೇಡಿ. ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ವೈದ್ಯರ ನಿಗಾ ಬೇಕು. ಸಲಹೆಗೆ ಟೆಲಿ ಮನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.