ಚಕಮಕಿ ಕೋವಿಯ ಒಂದು ದಿನ

ಅಮೆರಿಕಾ ಸಂಯುಕ್ತ ಸಂಸ್ಥಾನದ ಇಂಡಿಯಾನಾ ರಾಜ್ಯದ ಆಗ್ನೇಯ ಭಾಗದಲ್ಲಿ, ಕಾಡುಗುಡ್ಡಗಳ ನಡುವೆ, ಒಂದು ಪುಟ್ಟ ಗ್ರಾಮವಿದೆ. ಅದರ ಹೆಸರು ಫ್ರೆಂಡ್‌ಶಿಪ್; ಅಂದರೆ ಸ್ನೇಹ. ಸ್ನೇಹವೆಂಬ ಹೆಸರನ್ನು ಹೊತ್ತ ಈ ಊರಿನಲ್ಲಿ ಸೆಪ್ಟೆಂಬರ್ ತಿಂಗಳು ಬಂತೆಂದರೆ ಕೋವಿಗಳ ಸದ್ದು ಮೊಳಗತೊಡಗುತ್ತದೆ. ನಳಿಗೆಯ ಬಾಯಿಯಿಂದ ಮದ್ದುಗುಂಡು ತುಂಬುವ ಹಳೆಯ ಮಾದರಿಯ ಕೋವಿಗಳಿಗಾಗಿಯೇ 1933ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಘವೊಂದು ತನ್ನ ಗುರಿಯ ಸ್ಪರ್ಧೆಗಳನ್ನು ನಡೆಸುವುದು ಇಲ್ಲಿಯೇ. ನಿಮಿಷಕ್ಕೆ ನೂರಾರು ಗುಂಡುಗಳನ್ನು ಕಾರುವ ಆಯುಧಗಳು ಹುಟ್ಟಿರುವ ಕಾಲದಲ್ಲಿ, ಒಂದೇ ಒಂದು ಗುಂಡನ್ನು ಹಾರಿಸಲು ಎರಡು ಮೂರು ನಿಮಿಷಗಳನ್ನು ಬೇಡುವ ಕೋವಿಯನ್ನು ಹಿಡಿದು ಜನರು ದೂರದೂರದಿಂದ ಬರುತ್ತಾರೆ. ಅವರನ್ನು ಸೆಳೆಯುವುದೇನು ಎಂಬುದನ್ನು ತಿಳಿಯಬೇಕಾದರೆ ಒಬ್ಬ ಗುರಿಗಾರನ ಕೆಲಸವನ್ನು ಬೆಳಗಿನಿಂದ ಸಂಜೆಯವರೆಗೆ ಗಮನಿಸಬೇಕು.

ಅವನ ಕೈಯಲ್ಲಿರುವ ಉದ್ದನೆಯ ಕೋವಿಯ ತವರು ಪೆನ್ಸಿಲ್ವೇನಿಯಾ. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿ ಮತ್ತು ಸ್ವಿಟ್ಜರ್ಲೆಂಡುಗಳಿಂದ ವಲಸೆ ಬಂದು ಅಲ್ಲಿ ನೆಲೆಸಿದ ಕಮ್ಮಾರರು ಇದನ್ನು ರೂಪಿಸಿದರು. ನಳಿಗೆಯೊಂದೇ ಒಂದು ಮೀಟರಿಗಿಂತ ಉದ್ದ; ಹಿಡಿ ಮೇಪಲ್ ಮರದ್ದು. ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳನ್ನು ಕೊರೆದಿರುತ್ತಾರೆ. ಈ ಗೀರುಗಳ ಹಿಡಿತದಿಂದ ಗುಂಡು ಬುಗುರಿಯಂತೆ ತಿರುಗುತ್ತ ಹೊರಬೀಳುತ್ತದೆ. ತಿರುಗುವ ಬುಗುರಿ ಹೇಗೆ ವಾಲದೆ ನಿಲ್ಲುವುದೋ ಹಾಗೆ ತಿರುಗುವ ಗುಂಡು ದಾರಿ ತಪ್ಪದೆ ಸಾಗುತ್ತದೆ. ಅಂದಿನ ಸೈನಿಕರ ನುಣುಪು ನಳಿಗೆಯ ಬಂದೂಕನ್ನು ನೂರು ಗಜದಾಚೆಗೆ ನಂಬುವಂತಿರಲಿಲ್ಲ. ಗೀರುಳ್ಳ ರೈಫಲ್ ನುರಿತವನ ಕೈಯಲ್ಲಿ ಇನ್ನೂರು ಗಜದಲ್ಲಿಯೂ ಮನುಷ್ಯನನ್ನು ತಾಗಬಲ್ಲುದಾಗಿತ್ತು.

ಗುರಿಗಾರನು ಮೊದಲು ಕೊಂಬಿನಲ್ಲಿರುವ ಮದ್ದನ್ನು ಒಂದು ಅಳತೆಯ ಪಾತ್ರೆಗೆ ಸುರಿದುಕೊಳ್ಳುತ್ತಾನೆ. ಪೆಟ್ಲುಪ್ಪು ನೂರಕ್ಕೆ 75 ಭಾಗ, ಇದ್ದಲು 15, ಗಂಧಕ 10. ಈ ಕರಿಮದ್ದಿನ ಪಾಕ ಶತಮಾನಗಳಿಂದ ಹೆಚ್ಚು ಬದಲಾಗಿಲ್ಲ. ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯುವುದು ನಿಷಿದ್ಧ. ಹಿಂದಿನ ಗುಂಡಿನ ಒಂದು ಕೆಂಡದ ಕಣ ಒಳಗೆ ಉಳಿದಿದ್ದರೂ ಕೊಂಬಿನಲ್ಲಿರುವ ಮದ್ದೆಲ್ಲ ಕೈಯಲ್ಲಿಯೇ ಸಿಡಿದೀತು. ಅರ್ಧ ಅಂಗುಲ ವ್ಯಾಸದ ನಳಿಗೆಗೆ ಸುಮಾರು ನಾಲ್ಕು ಗ್ರಾಂ ಮದ್ದು ಸಾಕು. ಅನಂತರ ಕೊಬ್ಬು ಸವರಿದ ಹತ್ತಿಬಟ್ಟೆಯ ತುಂಡೊಂದನ್ನು ನಳಿಗೆಯ ಬಾಯಿಯ ಮೇಲೆ ಹರಡಿ, ಅದರ ಮೇಲೆ ಸೀಸದ ಗುಂಡನ್ನಿಟ್ಟು ಒತ್ತುತ್ತಾನೆ. ಗುಂಡು ನಳಿಗೆಗಿಂತ ಕೊಂಚ ಕಿರಿದು. ಆ ಅಂತರವನ್ನು ತುಂಬುವುದೂ, ಗೀರುಗಳ ತಿರುವನ್ನು ಗುಂಡಿಗೆ ಮುಟ್ಟಿಸುವುದೂ ಈ ಬಟ್ಟೆಯೇ. ಬಳಿಕ ಗಜವೆಂಬ ಉದ್ದನೆಯ ಕೋಲಿನಿಂದ ಗುಂಡನ್ನು ಮದ್ದಿಗೆ ತಾಗುವವರೆಗೆ ಇಳಿಸಬೇಕು. ನಡುವೆ ತೆರಪು ಉಳಿದರೆ ನಳಿಗೆ ಒಡೆಯುವ ಅಪಾಯವಿದೆ. ಆದುದರಿಂದಲೇ ಗಜದ ಮೇಲೆ ಒಂದು ಗುರುತನ್ನು ಕೊರೆದಿರುತ್ತಾರೆ. ಗುರುತು ನಳಿಗೆಯ ಬಾಯಿಗೆ ಸಮನಾಗಿ ಬಂದುದನ್ನು ಕಣ್ಣಾರೆ ಕಂಡಲ್ಲದೆ ಅನುಭವಿಯಾದವನು ಮುಂದಿನ ಹೆಜ್ಜೆಗೆ ಹೋಗುವುದಿಲ್ಲ.

ಇನ್ನು ಕಿಡಿಯ ಏರ್ಪಾಡು. ನಳಿಗೆಯ ಪಕ್ಕದಲ್ಲಿ ಒಂದು ಚಿಕ್ಕ ಬಟ್ಟಲು; ಅದರಿಂದ ನಳಿಗೆಯೊಳಗಿನ ಮದ್ದಿಗೆ ದಾರಿಯಾಗಿ ದಪ್ಪ ಸೂಜಿಯಷ್ಟು ಗಾತ್ರದ ರಂಧ್ರ. ಕೋವಿಯ ಮುಖವನ್ನು ಗುರಿಯ ಕಡೆಗೆ ತಿರುಗಿಸಿದ ಮೇಲೆ ಮಾತ್ರ ಬಟ್ಟಲಿಗೆ ಒಂದು ಚಿಟಿಕೆ ನುಣುಪಾದ ಮದ್ದನ್ನು ಹಾಕಿ ಉಕ್ಕಿನ ಮುಚ್ಚಳವನ್ನು ಮುಚ್ಚುತ್ತಾರೆ. ಕೋವಿಯ ಕುದುರೆ ತನ್ನ ಬಾಯಲ್ಲಿ ಚಕಮಕಿ ಕಲ್ಲನ್ನು ಕಚ್ಚಿಕೊಂಡಿರುತ್ತದೆ. ಟ್ರಿಗರನ್ನು ಸೆಳೆದೊಡನೆ ಕುದುರೆ ಮುಂದಕ್ಕೆ ಬಡಿದು, ಕಲ್ಲು ಉಕ್ಕಿನ ಮುಚ್ಚಳವನ್ನು ಕೆರೆಯುತ್ತ ಅದನ್ನು ಹಿಂದೂಡಿ ಬಟ್ಟಲನ್ನು ತೆರೆಯುತ್ತದೆ. ಕಲ್ಲಿನಿಂದ ಬೆಂಕಿ ಹುಟ್ಟುತ್ತದೆಂದು ಸಾಮಾನ್ಯವಾಗಿ ಭಾವಿಸುವುದುಂಟು. ವಾಸ್ತವವಾಗಿ ಉರಿಯುವುದು ಕಲ್ಲಲ್ಲ, ಉಕ್ಕು. ಕಲ್ಲಿನ ಅಲಗು ಹೆರೆದ ಉಕ್ಕಿನ ಸೂಕ್ಷ್ಮ ಕಣಗಳು ಘರ್ಷಣೆಯಿಂದ ಕಾದು ಗಾಳಿಯಲ್ಲಿ ಉರಿಯುತ್ತ ಬಟ್ಟಲಿಗೆ ಬೀಳುತ್ತವೆ. ಬಟ್ಟಲಿನ ಮದ್ದು ಭುಗಿಲೆನ್ನುತ್ತದೆ. ಆ ಜ್ವಾಲೆ ರಂಧ್ರವನ್ನು ಹಾದು ಒಳಗಿನ ಮದ್ದನ್ನು ಮುಟ್ಟುತ್ತದೆ. ಆಗ ಗುಂಡು ಹೊರಡುತ್ತದೆ.

ಇಷ್ಟೆಲ್ಲ ನಡೆಯಲು ಹಿಡಿಯುವ ಕಾಲ ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗ. ಕೇಳುವವರಿಗೆ ಇದು ಏನೂ ಅಲ್ಲವೆನಿಸಬಹುದು. ಆದರೆ ಐವತ್ತು ಗಜದಾಚೆಯ ಕಾಗದದ ಮೇಲಿನ ಕರಿಯ ವೃತ್ತವನ್ನು ನಿಂತೇ ಗುರಿಯಿಡುವವನಿಗೆ ಅದು ದೀರ್ಘಕಾಲ. ಕಣ್ಣಿನಿಂದ ಒಂದು ಗೇಣು ದೂರದಲ್ಲಿ ಜ್ವಾಲೆ ಏಳುತ್ತದೆ, ಹೊಗೆ ಮುಖಕ್ಕೆ ಹೊಡೆಯುತ್ತದೆ. ಗುಂಡು ಮಾತ್ರ ಇನ್ನೂ ನಳಿಗೆಯಲ್ಲಿಯೇ ಇದೆ! ಆ ಕ್ಷಣದಲ್ಲಿ ರೆಪ್ಪೆ ಮುಚ್ಚಿದರೆ, ಭುಜ ಬೆದರಿದರೆ, ಗುಂಡು ಎಲ್ಲಿಗೋ ಹೋಗುತ್ತದೆ. ಹೊಸಬರ ಸೋಲೆಲ್ಲ ಬಹುಮಟ್ಟಿಗೆ ಇಲ್ಲಿಯೇ. ಬೆರಳಿನ ಕೆಲಸ ಮುಗಿದ ಮೇಲೆಯೂ, ಕಾಗದದಲ್ಲಿ ತೂತು ಬೀಳುವವರೆಗೆ, ಏನೂ ನಡೆದಿಲ್ಲವೆಂಬಂತೆ ಗುರಿಯನ್ನೇ ನೋಡುತ್ತ ನಿಲ್ಲಬಲ್ಲವನೇ ಗುರಿಗಾರ. ಈ ಸ್ಥಿರತೆಯನ್ನು ಹಣ ಕೊಟ್ಟು ಕೊಳ್ಳಲಾಗದು.

ಈ ವಿಳಂಬವನ್ನು ಸಹಿಸಲಾರದೆ ಹೊಸ ದಾರಿ ಹುಡುಕಿದವರೂ ಉಂಟು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬಲ್ಲಿ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿಯಿದ್ದನು. ಬಟ್ಟಲಿನ ಮಿಂಚನ್ನು ಕಂಡೊಡನೆ ಹಕ್ಕಿಗಳು ತಪ್ಪಿಸಿಕೊಳ್ಳುತ್ತಿದ್ದುದರಿಂದ ಬೇಸತ್ತು ಅವನು ಪೆಟ್ಟಿಗೆ ಸಿಡಿಯುವ ರಾಸಾಯನಿಕವನ್ನು ಬಳಸುವ ಏರ್ಪಾಡನ್ನು ಕಂಡುಹಿಡಿದು 1807ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಚಕಮಕಿ ಕೋವಿಯ ಯುಗದ ಅಂತ್ಯ ಅಲ್ಲಿಂದ ಆರಂಭವಾಯಿತು. ಅದಕ್ಕೂ ಮೊದಲು, 1776ರಲ್ಲಿ, ಸ್ಕಾಟ್ಲೆಂಡಿನವನೇ ಆದ ಪ್ಯಾಟ್ರಿಕ್ ಫರ್ಗುಸನ್ ಎಂಬ ಸೇನಾಧಿಕಾರಿ ಹಿಂಬದಿಯಿಂದ ಬೇಗನೆ ತುಂಬಬಹುದಾದ ಚಕಮಕಿ ರೈಫಲನ್ನು ರೂಪಿಸಿ, ನಿಮಿಷಕ್ಕೆ ನಾಲ್ಕಕ್ಕೂ ಹೆಚ್ಚು ಗುಂಡು ಹಾರಿಸಿ ತೋರಿಸಿದ್ದನು. ಬ್ರಿಟಿಷ್ ಸೇನೆ ಅದನ್ನು ವ್ಯಾಪಕವಾಗಿ ಬಳಕೆಗೆ ತರಲಿಲ್ಲ. 1780ರ ಅಕ್ಟೋಬರ್ 7ರಂದು ಕಿಂಗ್ಸ್ ಮೌಂಟನ್ ಎಂಬ ಬೆಟ್ಟದ ಮೇಲೆ ನಡೆದ ಕಾಳಗದಲ್ಲಿ, ಬ್ರಿಟಿಷರ ಪಕ್ಷ ವಹಿಸಿದ್ದ ಅಮೆರಿಕನ್ನರ ಪಡೆಗೆ ನಾಯಕನಾಗಿದ್ದ ಫರ್ಗುಸನ್ ಮರಗಳ ಮರೆಯಿಂದ ಹಾರಿಬಂದ ಗುಂಡುಗಳಿಗೆ ಬಲಿಯಾದನು. ಅವನನ್ನು ಸುತ್ತುವರಿದಿದ್ದ ಬೆಟ್ಟನಾಡಿನ ರೈತರ ಕೈಯಲ್ಲಿದ್ದವು ನಿಧಾನವಾಗಿ ಬಾಯಿಯಿಂದ ತುಂಬಬೇಕಾದ ಈ ಉದ್ದ ರೈಫಲುಗಳೇ. ಕಾಗದಕ್ಕೆ ತೂತು ಮಾಡುವ ಇಂದಿನ ಆಟದ ಹಿಂದೆ ಇಂತಹ ದಿನಗಳಿವೆ.

ಅದೇ ಶತಮಾನದಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿಯೂ ಉತ್ತಮವಾದ ಚಕಮಕಿ ಕೋವಿಗಳು ತಯಾರಾಗುತ್ತಿದ್ದವು. ಟಿಪ್ಪುಸುಲ್ತಾನನ ಹುಲಿಯ ಲಾಂಛನಗಳನ್ನು ಹೊತ್ತ ಕೆಲವು ಕೋವಿಗಳು ಇಂಗ್ಲೆಂಡಿನ ಸಂಗ್ರಹಗಳನ್ನು ಸೇರಿವೆ. ಗುರಿಯ ಪಂದ್ಯವೂ ನಮ್ಮ ನಾಡಿಗೆ ಹೊಸತಲ್ಲ. ಕೊಡಗಿನಲ್ಲಿ ಸೆಪ್ಟೆಂಬರ್ ತಿಂಗಳ ಕೈಲುಮುಹೂರ್ತದಂದು ಕೋವಿಗೆ ಹೂ ಮುಡಿಸಿ ಪೂಜಿಸುವ ಜನ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದು ಪಂದ್ಯವಾಡುತ್ತಾರೆ.

ಫ್ರೆಂಡ್‌ಶಿಪ್‌ನಲ್ಲಿ ಮಧ್ಯಾಹ್ನವಾಗುವಷ್ಟರಲ್ಲಿ ತೊಡಕುಗಳು ಹೆಚ್ಚುತ್ತವೆ. ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಮಸಿಯಾಗಿ, ಬೂದಿಯಾಗಿ ಉಳಿಯುತ್ತದೆ. ಗಾಳಿಯ ತೇವವನ್ನು ಹೀರಿ ಅದು ಅಂಟಾಗುತ್ತದೆ. ಒದ್ದೆಬಟ್ಟೆಯಿಂದ ನಳಿಗೆಯನ್ನು ಒರೆಸದಿದ್ದರೆ ಗುಂಡು ಅರ್ಧದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕಲ್ಲಿನ ಅಲಗು ಮೊಂಡಾದರೆ ಕಿಡಿ ಬೀಳದು. ಮಾತಿನಲ್ಲಿ ಮೈಮರೆತು ಮದ್ದು ಹಾಕದೆಯೇ ಗುಂಡನ್ನು ಇಳಿಸಿಬಿಡುವುದು ಎಲ್ಲಕ್ಕಿಂತ ನಗೆಗೀಡಾಗುವ ತಪ್ಪು. ಹಳಬರಿಗೂ ಅದು ತಪ್ಪಿದ್ದಲ್ಲ. ಆಗ ರಂಧ್ರದ ಮೂಲಕ ಕಾಳುಕಾಳಾಗಿ ಮದ್ದನ್ನು ಒಳಕ್ಕೆ ನುಗ್ಗಿಸಿ ಗುಂಡನ್ನು ಹೊರದೂಡಬೇಕಾಗುತ್ತದೆ. ಬಟ್ಟಲು ಭುಗಿಲೆಂದೂ ಗುಂಡು ಹಾರದಿದ್ದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯುವುದು ಕಟ್ಟುನಿಟ್ಟಾದ ನಿಯಮ. ಒಳಗೆ ಬೆಂಕಿ ಮೆಲ್ಲನೆ ಹರಿಯುತ್ತಿರಬಹುದು. ಗುಂಡಿನ ಹಾರಾಟ ನಿಂತಾಗ ಗುರಿಗಾರನು ಕೆಲವು ಹೆಜ್ಜೆ ಮುಂದೆ ನಡೆದು ನೆಲದಲ್ಲಿ ಬಿದ್ದಿರುವ ತನ್ನ ಬಟ್ಟೆಯ ತುಂಡನ್ನು ಹೆಕ್ಕಿ ನೋಡುತ್ತಾನೆ. ಅದು ಹರಿದಿದೆಯೇ, ಸುಟ್ಟಿದೆಯೇ? ವೈದ್ಯನು ನಾಡಿ ನೋಡುವಂತೆ ಅವನು ಆ ತುಂಡಿನಲ್ಲಿ ಕೋವಿಯ ಆರೋಗ್ಯವನ್ನು ತಿಳಿಯುತ್ತಾನೆ.

ಸಂಜೆ ಗುರಿಯ ಕಾಗದಗಳನ್ನು ಎಣಿಸಿ ಗೆದ್ದವರ ಹೆಸರನ್ನು ಸಾರಿದ ಮೇಲೂ ಕೆಲಸ ಮುಗಿಯುವುದಿಲ್ಲ. ಮಸಿಯನ್ನು ಹಾಗೆಯೇ ಬಿಟ್ಟರೆ ನಳಿಗೆ ಬಹುಬೇಗ ತುಕ್ಕು ಹಿಡಿಯುತ್ತದೆ. ಗೆದ್ದವನೂ ಸೋತವನೂ ಕೋವಿಯನ್ನು ಬಿಚ್ಚಿ, ಮೊದಲು ಕಪ್ಪಾಗಿ ಇಳಿಯುವ ನೀರು ತಿಳಿಯಾಗುವವರೆಗೆ ತೊಳೆದು, ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರುತ್ತಾರೆ. ಮರುದಿನ ಬೆಳಿಗ್ಗೆ ಮದ್ದು ಹಾಕುವ ಮುನ್ನ ಆ ಎಣ್ಣೆಯನ್ನೂ ಒರೆಸಿ ತೆಗೆಯಬೇಕು. ಇಲ್ಲದಿದ್ದರೆ ಮೊದಲನೆಯ ಗುಂಡೇ ಹಾರದು.